ನಲವತ್ತೆರಡು ಹೊಲಿಗೆ

ಶನಿವಾರ ಬಟವಾಡೆ ಆದ ಕೂಡಲೆ
ಶೆಡ್ಡಿನ ಶಟರು ಎಳೆದು ಹೊರಟ್ವಿ, ಆರು ಜನ.
ರಾಯದುರ್ಗದ ಕಡೆಯ ಬಸ್ಸು.
ಕಾಲ ಬಳಿ ಹಗ್ಗದ ಸುರುಳಿ,
ಅದಕ್ಕೂ ಟಿಕೆಟ್ ಹರಿಯೋಣವೇ ಅಂತ
ಕಂಡಕ್ಟರು ಸ್ವಲ್ಪ ಹೊತ್ತು ಯೋಚಿಸಿದ.

ಬೋರ್ಡಿಲ್ಲದ ಕ್ಲಬ್ಬು ನಮ್ಮದು, ರಸೀದಿ ಪುಸ್ತಕ ಮಾತ್ರ ಐತೆ.
ಅಧ್ಯಕ್ಷ ವನ್ನೂರಪ್ಪ, ಕಟಿಂಗ್ ಮಾಸ್ಟರು.
ಹಣಕಾಸು ಮಾಬುನ್ನಿ, ಕಾಜಾ ಹೊಲಿಯೋಳು.
ಓಬಳೇಶ ಇಸ್ತ್ರಿ. ಗಾದಿಲಿಂಗ ಜೀನ್ಸ್ ಒಗೆಯುವ ತೊಟ್ಟಿ,
ಹಬ್ಬದ ದಿನವೂ ಅವನ ಉಗುರು ನೀಲಿ.
ಸುಂಕಮ್ಮ ದಾರದ ತುದಿ ಕತ್ತರಿಸುತ್ತಾಳೆ, ಹತ್ತೊಂಬತ್ತು ವರ್ಷ,
ನಮ್ಮೆಲ್ಲರಿಗಿಂತ ಚೆನ್ನಾಗಿ ಹತ್ತುತ್ತಾಳೆ.
ನಾನು ಬಾರ್‌ಟ್ಯಾಕ್ ಮಿಷನ್ನು:
ಜೇಬಿನ ಮೂಲೆ, ಬೆಲ್ಟಿನ ಕುಣಿಕೆ,
ಎಲ್ಲಿ ಮೊದಲು ಹರಿಯುತ್ತದೋ ಅಲ್ಲಿ
ನಲವತ್ತೆರಡು ಹೊಲಿಗೆ, ಟಕ್ಕನೆ, ಮುಗೀತು.

ಹಗ್ಗ ಕೊಂಡ್ವಿ, ಕೊಂಡಿ ಕೊಂಡ್ವಿ,
ಸೊಂಟಪಟ್ಟಿಯ ರೇಟು ಕೇಳಿ ಸುಮ್ಮನಾದ್ವಿ.
ವನ್ನೂರಪ್ಪ ಹಾಳೆಯ ಮೇಲೆ ಸೊಂಟ ಬರೆದ, ತೊಡೆ ಬರೆದ,
ಲಾರಿಯ ಸರಕು ಕಟ್ಟುವ ಪಟ್ಟೆ ಅಳೆದು ಕತ್ತರಿಸಿದ.
ಹೊಲಿದವಳು ನಾನು.

ಊರ ಶಾಲೆಯ ಜಗುಲಿಯಲ್ಲಿ ಮಲಗಿದ್ದಾಗ
ಟಾರ್ಚು ಹಿಡಿದು ಬಂದ ಒಬ್ಬ ಮುದುಕ.
ಹಗ್ಗ ನೋಡಿದ, ಕೊಂಡಿ ನೋಡಿದ,
ಮೊದಲು ತೆಲುಗಿನಲ್ಲಿ ಕೇಳಿ, ಆಮೇಲೆ ಕನ್ನಡದಲ್ಲಿ,
ದನಿ ತಗ್ಗಿಸಿ: ‘ನಿಧಿಗೆ ಬಂದೀರಾ?’
‘ಇಲ್ಲ ತಾತ, ಬಂಡೆ ಹತ್ತಾಕೆ.’
‘ಮ್ಯಾಲೆ ಏನೈತೆ?’
‘ಏನಿಲ್ಲ.’
‘ಏನಿಲ್ಲ ಅನ್ನೋರೇ ನಿಧಿಗೆ ಬಂದೋರು’ ಅಂದು ಹೋದ.

ಬೆಳಗಿನ ಜೋಡುಬಂಡೆ ತಣ್ಣಗಿತ್ತು,
ಕೆನ್ನೆ ಇಟ್ಟರೆ ಮಡಕೆಯ ವಾಸನೆ.
ಬಂಡೆಯ ಮೇಲೆ ಎರಡೇ ಮಾತು, ಅದು ಕ್ಲಬ್ಬಿನ ಕಾನೂನು:
ಬಿಗಿ. ಸಡಲು.
ಎರಡೂ ಭಾಷೆಯಲ್ಲಿ ಅವಕ್ಕೆ ಒಂದೇ ಅರ್ಥ.
ಉಳಿದದ್ದಕ್ಕೆಲ್ಲ ಜಗಳ ಆಗುತ್ತದೆ.

ಮೂರಾಳೆತ್ತರದಲ್ಲಿ ಬಲಗೈಗೆ ಸಿಕ್ಕಿದ್ದು
ಮಡಚಿದ ಜೀನ್ಸಿನ ಅಂಚಿಗಿಂತ ತೆಳು.
ಎಡಗಾಲಿಗೆ ಅದೂ ಇಲ್ಲ.
‘ಬಿ’ ಅಂದೆ,
‘ಗಿ’ ಅನ್ನುವಷ್ಟರಲ್ಲಿ
ಬಂಡೆ ನನ್ನ ಮುಂದೆ ಮೇಲಕ್ಕೆ ಹೋಯಿತು.

ಕೆಳಗೆ ಮಾಬುನ್ನಿ ಮೊಳದುದ್ದ ಗಾಳಿಗೆದ್ದಳು.
ಅವಳ ತೂಕ ಮೂವತ್ತೆಂಟು. ನನ್ನದು ಹೇಳೋದಿಲ್ಲ.
ತೂಗುತ್ತ ನಿಂತೆ.

ಹದಿಮೂರು ವರ್ಷ, ದಿನಕ್ಕೆ ನಾನೂರು ಪ್ಯಾಂಟು.
ಯಾವೂರಲ್ಲಿ, ಯಾರ ಸೊಂಟದಲ್ಲಿ
ನನ್ನ ಹೊಲಿಗೆ ನಿಂತಿತೋ ಕಿತ್ತಿತೋ
ಒಂದು ಸುದ್ದಿ ಬಂದಿಲ್ಲ.
ಬಾರದಿದ್ದರೆ ಸರಿಯಾಗಿದೆ ಅಂತ ಲೆಕ್ಕ.
ಇವತ್ತು ಬಂತು,
ಎರಡೂ ತೊಡೆಗೆ, ಉರಿಯುತ್ತ.

ಕತ್ತು ಬಗ್ಗಿಸಿ ನೋಡಿದೆ. ಕಪ್ಪು ಪಟ್ಟೆ, ಬಿಳಿ ದಾರ.
ಒಂದು, ಎರಡು, ಮೂರು...
‘ಬಿಗಿಯೋ ಸಡಲೋ, ಏನಾರ ಒಂದು ಅನ್ನೇ!’
ಮಾಬುನ್ನಿ ಕೂಗುತ್ತಿದ್ದಳು.
‘ತಡಿಯೇ, ಎಣಿಸ್ತಿದೀನಿ.’
ಅದು ಕಾನೂನಿನಲ್ಲಿ ಇಲ್ಲದ ಮಾತು.

ನೆತ್ತಿ ಮುಟ್ಟಿದವಳು ಸುಂಕಮ್ಮ ಒಬ್ಬಳೇ,
ಚಪ್ಪಲಿ ಸೊಂಟಕ್ಕೆ ಸಿಕ್ಕಿಸಿಕೊಂಡು.
ಗಾದಿಲಿಂಗ ಅರ್ಧಕ್ಕೆ ಇಳಿದ, ಓಬಳೇಶ ಹತ್ತಲೇ ಇಲ್ಲ,
ಚಿತ್ರಾನ್ನದ ಡಬ್ಬಿ ಕೋತಿಗಳಿಂದ ಕಾಯಬೇಕಿತ್ತಂತೆ.
‘ಏನ್ ಕಾಣ್ತೈತೇ?’ ವನ್ನೂರಪ್ಪ ಬಾಯಿಗೆ ಕೈ ಹಿಡಿದು ಕೇಳಿದ.
ಗಾಳಿ ಸ್ವಲ್ಪ ತಿಂದು ಉಳಿದದ್ದು ಕೊಟ್ಟಿತು:
‘...ಬಸ್ಸು! ನಮ್ಮ ಬಸ್ಸು ಹೋಗ್ತೈತೆ!’

ರಸ್ತೆ ಸೇರೋಕೆ ಹನ್ನೊಂದು ಕಿಲೋಮೀಟರು.
ನಾನು ಪಟ್ಟಿ ಬಿಚ್ಚಲಿಲ್ಲ,
ಹೆಜ್ಜೆಗೊಮ್ಮೆ ಕೊಂಡಿ ಕಿಣಿಕಿಣಿ,
ಯಾವುದೋ ದನ ಅಂದುಕೊಂಡು ನಾಯಿಗಳೂ ಬೊಗಳಲಿಲ್ಲ.
ಊರ ಕೊನೆಯ ಕಟ್ಟೆಯ ಮೇಲೆ ಅದೇ ಮುದುಕ,
ಆರಿಸಿದ ಟಾರ್ಚು ತೊಡೆಯ ಮೇಲೆ.
ಎಲ್ಲರನ್ನೂ ದಾಟಿ ಹೋಗಲು ಬಿಟ್ಟು
ನನ್ನನ್ನು ಕೇಳಿದ: ‘ಸಿಕ್ತೇನಮ್ಮಾ?’

‘ಸಿಕ್ತು ತಾತ. ನಲವತ್ತೊಂದು.
ಒಂದು ಮಾತ್ರ ಕಿತ್ತಿತ್ತು.’

ಅವನು ಮೊದಲು ಆಚೀಚೆ ನೋಡಿ
ಆಮೇಲೆ ತಲೆಯಾಡಿಸಿದ.